ರವಿವಾರ ಹೂಡಿದ ಎತ್ತು

ಗಜೇಂದ್ರಗಡ
6 ಅಕ್ಟೋಬರ್ 2025

ತಮ್ಮ ಇಸಾಕಪ್ಪ,

ಫೋನಿನಲ್ಲಿ ನೀನು ಬರೀ ಹೂಂ ಅನ್ನುತ್ತಿ. ಈ ಸಲ ಹೂಂ ಅಂದರೆ ಸಾಲದು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯ ಕಮಿಟಿಯನ್ನು ತುರ್ತಾಗಿ ಕೂಡಿಸಿದರು. ಅಧ್ಯಕ್ಷ ಅನಿಲಕುಮಾರ ಎದ್ದು ನಿಂತು, ಹಿಂದಿನ ರವಿವಾರ ಹೊಳೆಮಣ್ಣೂರಿನ ಇಸಾಕಪ್ಪ ಆರಾಧನೆಗೆ ಬಂದಿಲ್ಲ, ಅದೇ ಹೊತ್ತಿಗೆ ಹೊಲದಲ್ಲಿ ಎತ್ತು ಹೂಡಿ ಬಿತ್ತುತ್ತಿದ್ದುದನ್ನು ಬಸ್ಸಿನಲ್ಲಿ ಬಂದವರು ಕಣ್ಣಾರೆ ಕಂಡಿದ್ದಾರೆ ಎಂದ. ಅವನು ನನ್ನ ಕೈಯಲ್ಲೇ ಏಳನೆಯ ಇಯತ್ತೆ ಓದಿದವನು, ಗೊತ್ತಲ್ಲ. ನಾನು ಕುಳಿತಲ್ಲಿಂದಲೇ ಹೇಳಿದೆ: 'ಇದು ಸುಳ್ಳು. ಬ್ಯಾರೆ ಯಾರನ್ನರೆ ನೋಡಿರಬೇಕು.'

ಹಾಗೆ ಹೇಳಲು ನನಗೆ ಆಧಾರವಿದೆ. ನಮ್ಮಜ್ಜ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ ವರ್ಷ ಊರಿನಲ್ಲಿ ಒಬ್ಬರೂ ಅವನ ಎತ್ತಿನ ಜೊತೆ ತಮ್ಮ ಎತ್ತು ಹೂಡಲಿಲ್ಲ. ಒಂದೇ ಎತ್ತು ಇಟ್ಟುಕೊಂಡು ಅವನು ಏನು ಬಿತ್ತಿಯಾನು? ಆಗ ತನ್ನ ಒಂದು ಎತ್ತನ್ನು ಹೊಡೆದುಕೊಂಡು ಬಂದವನು ನಿನ್ನ ಪಕ್ಕದ ಹೊಲದ ಪ್ರಭುಲಿಂಗಪ್ಪನ ಅಜ್ಜ. ಅವರಿಗೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮಗೆ ರವಿವಾರ ಕರ್ತನ ದಿನ. ಎರಡೂ ದಿನ ಎರಡೂ ಎತ್ತಿಗೆ ವಿಶ್ರಾಂತಿ ಎಂದು ಆ ಇಬ್ಬರು ಮಾತಾಡಿಕೊಂಡರು. ಊರಿನವರು ಆ ಜೋಡಿಗೆ 'ಕಚೇರಿ ಎತ್ತು' ಎಂದು ಹೆಸರಿಟ್ಟರು. 'ವಾರದಾಗ ಎರಡ ರಜಾ, ಇವು ಯಾವ ಸಾಹೇಬನ ಕೈಯಾಗ ನೌಕರಿಗದಾವೋ' ಎಂದು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಇವತ್ತಿಗೂ ಎರಡೂ ಮನೆಗೆ ಒಂದೊಂದೇ ಎತ್ತು. ಎರಡು ದಿನದ ಆ ಮಾತನ್ನು ಅಜ್ಜ ಮುರಿಯಲಿಲ್ಲ, ಅಪ್ಪ ಮುರಿಯಲಿಲ್ಲ. ನೀನು ಮುರಿದಿ ಎಂದರೆ ನಾನು ಹೇಗೆ ನಂಬಲಿ?

ನವೆಂಬರ್ ಒಂಬತ್ತಕ್ಕೆ ಕಮಿಟಿ ಮತ್ತೆ ಕೂಡುತ್ತದೆ. ತಪ್ಪು ಎಂದಾದರೆ ನಿನ್ನನ್ನು ಕರ್ತನ ಭೋಜನದಿಂದ ಹೊರಗಿಡುತ್ತಾರೆ. ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ನೀನು ಬೆಂಚಿನ ಮೇಲೆ ಕೂತಿರಬೇಕು. ಮನೆಮಂದಿ ಊಟಕ್ಕೆ ಕೂತಾಗ ಒಬ್ಬನನ್ನೇ ಹೊಸ್ತಿಲಾಚೆ ನಿಲ್ಲಿಸಿದಂತೆ ಅದು.

ಹತ್ತೊಂಬತ್ತರ ನೆರೆಯಲ್ಲಿ ಮಲಪ್ರಭೆ ನಿಮ್ಮ ಮನೆಯೊಳಗೆ ನಿಂತಾಗ ಈ ಕಮಿಟಿ ತುರ್ತಾಗಿ ಕೂಡಿದ್ದು ನನಗೆ ನೆನಪಿಲ್ಲ. ಈಗ ಒಂದು ಎತ್ತಿನ ಸಲುವಾಗಿ ಕೂಡಿದೆ. ಎರಡು ಸಾಲು ಬರೆದು ಕಳಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಜೀವರತ್ನಾ


ಹೊಳೆಮಣ್ಣೂರ
11 ಅಕ್ಟೋಬರ್ 2025

ಅಕ್ಕನಿಗೆ ನಮಸ್ಕಾರ.

ಬಸ್ಸಿನವರು ಕಂಡದ್ದು ಖರೇ. ಹೂಡಿದ್ದು ನಾನೇ, ಹೊಲ ಪ್ರಭುಲಿಂಗಪ್ಪನದು. ನಿನ್ನನ್ನು ಕಮಿಟಿಯ ಮುಂದೆ ಸುಳ್ಳುಗಾರ್ತಿ ಮಾಡಿದೆ, ಅದೊಂದು ನನಗೆ ಕೆಟ್ಟದೆನಿಸಿತು.

ನಡೆದದ್ದು ಹೀಗೆ. ಮಳೆ ಗುರುವಾರ ಬಿಟ್ಟಿತು. ಹೊಳೆದಂಡೆಯ ಎರೆ ಹೊಲಕ್ಕೆ ಆಗ ಟ್ರ್ಯಾಕ್ಟರ್ ಇಳಿಸಿದರೆ ಹೂತು ನಿಲ್ಲುತ್ತದೆ, ಅದು ಇಳಿಯುವಷ್ಟು ಒಣಗಲಿ ಎಂದು ಕಾದರೆ ಬಿತ್ತುವ ಹದ ಹೋಗುತ್ತದೆ. ಎತ್ತೇ ಆಗಬೇಕು. ಯಾರ ಹೊಲ ಮೊದಲು ಎಂಬ ಮಾತು ಬಂದಾಗ ಪ್ರಭುಲಿಂಗಪ್ಪ, 'ನಿಂದ ಮೊದಲು ಆಗ್ಲಿ, ನಿಂದು ಲಗೂ ಆರತೈತಿ' ಅಂದ. ಶುಕ್ರವಾರ, ಶನಿವಾರ ನನ್ನ ಜೋಳದ ಹೊಲ ಬಿತ್ತಿದೆವು. ಶನಿವಾರ ಸಂಜೆ ಎತ್ತು ಬಿಡುವಾಗ ಅವನು ತನ್ನ ಹೊಲದ ಮಣ್ಣು ಮುಷ್ಟಿಯಲ್ಲಿ ಒತ್ತಿ ನೋಡಿ ಬಿಸಾಕಿದ. 'ಮಂಗಳವಾರ ಬರ್ತೀನಿ' ಅಂದು ನಡೆದುಬಿಟ್ಟ. ಮಂಗಳವಾರದ ಹೊತ್ತಿಗೆ ಅಲ್ಲಿ ಬೀಜ ಮೊಳೆಯುವಷ್ಟು ತೇವ ಉಳಿಯುವುದಿಲ್ಲ ಎಂದು ನನಗೂ ಗೊತ್ತು, ಅವನಿಗೂ ಗೊತ್ತು.

ರವಿವಾರ ಮುಂಜಾನೆ ಬಿಳೀ ಅಂಗಿ ಹಾಕಿಕೊಂಡು ಬಸ್ಸಿಗೆ ಹೊರಡುವ ಮುಂಚೆ ಪ್ರಾರ್ಥನೆಗೆ ಕೂತೆ. ಪ್ರಾರ್ಥನೆ ಬರಲೊಲ್ಲದು. ಅವನ ಎತ್ತಿನ ಹೆಗಲಿನಿಂದ ನನ್ನ ಹೊಲ ಬಿತ್ತಾಗಿದೆ. ಈಗ ನನ್ನ ರವಿವಾರಕ್ಕಾಗಿ ಅವನು ಒಂದು ವರ್ಷದ ಜೋಳ ಕಳೆದುಕೊಳ್ಳಬೇಕು, ನಾನು ಹೋಗಿ ಹಾಡು ಹೇಳಬೇಕು. ಎದ್ದು ಅಂಗಿ ಬದಲಿಸಿ ಎತ್ತು ಬಿಚ್ಚಿದೆ.

ಪ್ರಭುಲಿಂಗಪ್ಪ ತನ್ನ ಮನೆಯ ಬಾಗಿಲಲ್ಲೇ ಅಡ್ಡ ನಿಂತ. 'ಇವತ್ತ ಐತಾರಲ್ಲೋ. ತಲಿಗಿಲಿ ಕೆಟ್ಟೈತೇನ ನಿಂದು?'

'ಬಿತ್ತೂ ಕೂರಿಗಿ ತಗಿ,' ಅಂದೆ.

'ನಿಮ್ಮ ದೇವರು ನನ್ನ ಮ್ಯಾಲೆ ಸಿಟ್ಟಾಗ್ತಾನೋ.'

'ನಿನ್ನ ಮ್ಯಾಲೆ ಯಾಕ ಆಗ್ತಾನ? ನಿನಗ ಅವನ ಗುರತ ಎಲ್ಲೈತಿ? ಆದ್ರ ನನ್ನ ಮ್ಯಾಲೆ ಆಗ್ಲಿ. ನಂದೂ ಅವಂದೂ ಹಳೇ ಜಗಳ.'

ಅವನ ಹೆಂಡತಿ ಶೇಖವ್ವ ಉಡಿಯಲ್ಲಿ ಬೀಜ ತುಂಬಿಕೊಂಡು ಹೊರಗೆ ಬಂದಳು. 'ದೇವರ ಮಾತು ಆಮ್ಯಾಲೆ ಆಡ್ರಿ ಇಬ್ಬರೂ. ನೆಲ ಆರಾಕ್ಹತ್ತೈತಿ' ಅಂದಳು. ಸಂಜೆಯ ಹೊತ್ತಿಗೆ ಬಿತ್ತಿ ಮುಗಿಸಿದೆವು.

ಇಷ್ಟೇ ಅಕ್ಕ. ಇದನ್ನೇ ಕಮಿಟಿಗೆ ಹೇಳು.

ನಿನ್ನ ತಮ್ಮ,
ಇಸಾಕಪ್ಪ


ಗಜೇಂದ್ರಗಡ
15 ಅಕ್ಟೋಬರ್ 2025

ಇಸಾಕಪ್ಪ,

ಕಾಗದ ಓದಿ ಮೊದಲು ಸಿಟ್ಟು ಬಂತು. ರೊಟ್ಟಿ ಬಡಿಯುತ್ತ ಬಡಿಯುತ್ತ ಯೋಚಿಸಿದೆ. ಕೊನೆಯ ರೊಟ್ಟಿ ಹಂಚಿಗೆ ಹಾಕುವ ಹೊತ್ತಿಗೆ, ನೀನು ಮಾಡಿದ್ದು ಸರಿ ಎಂದು ನನಗೆ ಸ್ಪಷ್ಟವಾಯಿತು. ವಿಶ್ರಾಂತಿಯ ದಿನವನ್ನು ಮನುಷ್ಯನಿಗಾಗಿ ಕೊಟ್ಟದ್ದು. ಪಕ್ಕದ ಮನೆಯವನ ಹೊಟ್ಟೆಯ ಮೇಲೆ ಕಾಲಿಟ್ಟು ಅದನ್ನು ಆಚರಿಸಿರಿ ಎಂದು ಯೇಸುಸ್ವಾಮಿ ಯಾರಿಗೂ ಹೇಳಿದ್ದಿಲ್ಲ. ನಲವತ್ತು ವರ್ಷ ರವಿವಾರದ ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಕಲಿಸಿದ್ದೇನೆ.

ಆದರೆ ನಿನ್ನ ಮಾತನ್ನು ಕಮಿಟಿ ಒಪ್ಪುವುದಿಲ್ಲ. ಕೂಲಿಯ ಆಸೆಗೆ ಹೋದ ಎಂದು ಈಗಾಗಲೇ ಒಬ್ಬರು ನನ್ನ ಕಿವಿಗೆ ಬೀಳುವಂತೆ ಅಂದರು. ಸಾಕ್ಷಿ ಬೇಕು. ಪ್ರಭುಲಿಂಗಪ್ಪನನ್ನು ಒಂಬತ್ತಕ್ಕೆ ಕರೆದುಕೊಂಡು ಬಾ. ಅವನು ಬಂದು ನಾಲ್ಕು ಮಾತು ಹೇಳಿದರೆ ಯಾರ ಬಾಯಿಯೂ ಏಳುವುದಿಲ್ಲ. ನಿನಗೆ ಸಂಕೋಚವಾದರೆ ನಾನೇ ಅವನಿಗೆ ಬರೆಯುತ್ತೇನೆ.

ಜೀವರತ್ನಾ


ಹೊಳೆಮಣ್ಣೂರ
20 ಅಕ್ಟೋಬರ್ 2025

ಅಕ್ಕ,

ಅವನಿಗೆ ಬರೆಯಬೇಡ. ಇಲ್ಲಿಯವರೆಗೆ ನಿನ್ನನ್ನು ನಾನು ಏನೂ ಕೇಳಿಲ್ಲ, ಇದೊಂದು ನಡೆಸಿಕೊಡು. ಈ ಗದ್ದಲ ಪ್ರಭುಲಿಂಗಪ್ಪನ ಕಿವಿಗೆ ಬೀಳಬಾರದು.

ಅವನ ಸ್ವಭಾವ ನಿನಗೆ ಗೊತ್ತಿಲ್ಲ. ಬಿತ್ತಿದ ಸಂಜೆ ನನ್ನ ಮನೆಯ ಕಟ್ಟೆಗೆ ಬಂದು, 'ನಾಳೆ ಸೋಮವಾರ ನಾ ಹೂಡ್ತೀನಿ. ನಿನ್ನ ಕಡ್ಲಿ ಹೊಲ ಉಳದೈತಲ್ಲ, ಬಿತ್ತೋಣು. ಸರಿಗೆ ಸರಿ ಆತು' ಅಂದ. ನಾನು ಒಲ್ಲೆ ಅಂದೆ. ಹಟ ಹಿಡಿದ. ನನ್ನ ದಿನ ಕೊಡುವುದು ನನ್ನ ಕೈಯಲ್ಲಿತ್ತು, ಕೊಟ್ಟೆ. ಅವನ ದಿನ ತೆಗೆದುಕೊಳ್ಳುವುದು ನನ್ನ ಕೈಯಲ್ಲಿಲ್ಲ. ಕಡಲೆಗೆ ಇನ್ನೊಂದು ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದು ಸುಮ್ಮನಾದೆ. ಅವನ ಮುಖ ಸಣ್ಣದಾಯಿತು.

ಅಂಥವನಿಗೆ, ನಿನ್ನ ಹೊಲದ ಸಲುವಾಗಿ ಇವನನ್ನು ಪಂಕ್ತಿಯಿಂದ ಎಬ್ಬಿಸಿದರು ಎಂದು ತಿಳಿದರೆ ಏನು ಮಾಡುತ್ತಾನೆ? ಮತ್ತೊಂದು ಎತ್ತು ತಂದು ಕಟ್ಟುತ್ತಾನೆ. ನನ್ನ ರವಿವಾರ ಮತ್ತೆ ಕೆಡಬಾರದು ಎಂದು ನನ್ನನ್ನು ಬಿಟ್ಟು ತಾನೇ ಹೂಡುತ್ತಾನೆ. ನಮ್ಮಜ್ಜನ ಕಾಲದಿಂದ ನಡೆದದ್ದು ನನ್ನ ಒಂದು ಒಳ್ಳೆಯ ಕೆಲಸದಿಂದ ಮುರಿಯುತ್ತದೆ. ಅದಕ್ಕಿಂತ ನಾನು ಹಿಂದಿನ ಬೆಂಚಿನಲ್ಲಿ ಕೂಡುವುದು ಎಷ್ಟೋ ಚಲೋ.

ಇಸಾಕಪ್ಪ


ಗಜೇಂದ್ರಗಡ
10 ನವೆಂಬರ್ 2025

ತಮ್ಮ,

ಪ್ರಭುಲಿಂಗಪ್ಪನಿಗೆ ಹೇಳಲಿಲ್ಲ. ನಾಲಗೆ ಕಚ್ಚಿಕೊಂಡು ಇರುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತಿದ್ದರೆ ಸಾಕು.

ನಿನ್ನೆ ಸೋತೆ. ನಿನ್ನ ಕಾಗದದಲ್ಲಿದ್ದುದನ್ನೆಲ್ಲ ಹೇಳಿದೆ. ಅನಿಲಕುಮಾರ ಸಮಾಧಾನದಿಂದ ಕೇಳಿ, 'ಅಕ್ಕೋರ, ಎಲ್ಲಾರಿಗೂ ಒಂದೊಂದು ಅಡಚಣಿ ಇರತಾವ್ರಿ. ಹಿಂಗ ಬಿಟ್ಕೊಂತ ಹ್ವಾದ್ರ ನಾಳೆ ಗುಡಿಯಾಗ ಯಾರ ಉಳೀತಾರ?' ಎಂದ. ಆಗ ನನಗೆ ತಡೆಯಲಾಗಲಿಲ್ಲ.

'ನಿನ್ನ ಸಿಮೆಂಟ್ ಅಂಗಡಿ ಇವತ್ತ ತೆಗೆದೈತೋ ಮುಚ್ಚೈತೋ?' ಎಂದು ಕೇಳಿದೆ.

'ಅದನ್ನ ಆಳುಗಳು ನೋಡ್ಕೊತಾರ್ರಿ. ನಾ ಇಲ್ಲೇ ಅದೀನಲ್ಲ.'

'ಹೌದು, ನೀ ಇಲ್ಲೇ ಅದಿ. ಚೀಲ ಹೊರಾಕ ರಿಯಾಜ ಅಲ್ಲಿ ಅದಾನ. ಅವಂಗ ಶುಕ್ರವಾರದ ನಮಾಜಿಗೂ ರಜಾ ಇಲ್ಲ, ಐತಾರನೂ ರಜಾ ಇಲ್ಲ. ನೀ ಅವನ ಬೆನ್ನಿನ ಮ್ಯಾಲೆ ಕುಂತು ಐತಾರ ಮಾಡ್ತಿ. ನನ್ನ ತಮ್ಮ ತನ್ನ ಐತಾರ ಬ್ಯಾರೆಯವರ ಹೊಲಕ್ಕ ಕೊಟ್ಟ. ಇದರಾಗ ಕರ್ತನ ದಿನ ಮುರದವರು ಯಾರು?'

ಆರಾಧನೆ ನಡೆಸುವ ಸಭಾಪಾಲಕರು ನೆಲ ನೋಡಿದರು. ಇನ್ನೂ ಚಿಕ್ಕ ವಯಸ್ಸು, ಊರಿಗೆ ಹೊಸಬರು. ಆಮೇಲೆ ಕೈ ಎತ್ತಿಸಿದರು. ನನ್ನ ಕಡೆ ಎದ್ದ ಕೈ ನನ್ನದೊಂದೇ. ನೀನು ಸಭೆಯ ಮುಂದೆ ತಪ್ಪಾಯಿತು ಎನ್ನುವವರೆಗೆ ಭೋಜನಕ್ಕೆ ಬರುವಂತಿಲ್ಲ ಎಂದು ಠರಾವು ಆಯಿತು.

ನಾನು ಕಮಿಟಿಗೆ ರಾಜೀನಾಮೆ ಬರೆದು ಇಟ್ಟಿದ್ದೇನೆ. ಮುಂದಿನ ವಾರ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೊರಡುತ್ತೇನೆ, ಹೋಗುವ ಮುಂಚೆ ಕೊಟ್ಟು ಹೋಗುತ್ತೇನೆ. ಈ ಜನರ ಜೊತೆ ಒಂದೇ ಬೆಂಚಿನಲ್ಲಿ ಕೂಡುವುದು ನನ್ನಿಂದಾಗದು.

ಜೀವರತ್ನಾ


ಹೊಳೆಮಣ್ಣೂರ
28 ಡಿಸೆಂಬರ್ 2025

ಅಕ್ಕನಿಗೆ ಕ್ರಿಸ್ಮಸ್ ನಮಸ್ಕಾರ. ಕೂಸು ಹಾಲು ಕುಡಿದು ಚಲೋ ಮಲಗುತ್ತದೆ ಎಂದು ಅಳಿಯ ಫೋನು ಮಾಡಿದ್ದ, ಸಂತೋಷವಾಯಿತು.

ರಾಜೀನಾಮೆ ಕೊಡಲಿಲ್ಲ ಎಂದು ಸಭಾಪಾಲಕರಿಂದ ತಿಳಿಯಿತು. ಮನಸ್ಸು ಬದಲಿಸಿದ್ದು ಒಳ್ಳೆಯದಾಯಿತು. ನೀನು ಬಿಟ್ಟರೆ ಅಲ್ಲಿ ಕೇಳುವವರು ಯಾರು? ನಾನಂತೂ ಪ್ರತಿ ರವಿವಾರ ಹೋಗುತ್ತಿದ್ದೇನೆ. ಊಟ ಬಡಿಸಲಿಲ್ಲ ಎಂದು ತಂದೆಯ ಮನೆಗೆ ಹೋಗುವುದನ್ನೇ ಬಿಡಲಾಗುತ್ತದೆಯೇ?

ಕ್ರಿಸ್ಮಸ್ ಹಿಂದಿನ ದಿನ ಸಭಾಪಾಲಕರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. 'ಇಸಾಕಪ್ಪನವರ, ತಪ್ಪಾತು ಅಂತನೂ ಅನ್ನಬ್ಯಾಡ್ರಿ. ಇನ್ನೊಮ್ಮೆ ಐತಾರ ಹೂಡೂದಿಲ್ಲ ಅಂತ ನನಗಷ್ಟ ಮಾತು ಕೊಡ್ರಿ. ಉಳಿದದ್ದು ನಾ ನೋಡ್ಕೊತೀನಿ' ಎಂದರು. ಚಹಾ ಆರುವ ತನಕ ಯೋಚಿಸಿದೆ. ಎಷ್ಟು ಸುಲಭ ಇತ್ತು. ಆದರೆ ಮುಂದಿನ ವರ್ಷ ಹದ ಯಾವ ದಿನ ಬರುತ್ತದೆ, ಯಾರ ಮನೆಯಲ್ಲಿ ಯಾವ ತೊಂದರೆ ಬರುತ್ತದೆ ಎಂದು ಇವತ್ತು ನನಗೆ ಹೇಗೆ ಗೊತ್ತು? ಸಹಾಯ ಮಾಡುವುದಿಲ್ಲ ಎಂದು ದೇವರ ಹೆಸರಿನಲ್ಲಿ ಮುಂಗಡವಾಗಿ ಆಣೆ ಇಡಲೇನು? ಆಗುವುದಿಲ್ರಿ ಎಂದೆ. ಅವರು ಸಿಟ್ಟಾಗಲಿಲ್ಲ. ಹೋಗುವಾಗ ಹೊಲಕ್ಕೆ ಬಂದು, ಬೀಳು ಬಿದ್ದ ನನ್ನ ಕಡಲೆ ಹೊಲವನ್ನೂ ಎದೆಯುದ್ದ ಬೆಳೆದ ಪ್ರಭುಲಿಂಗಪ್ಪನ ಜೋಳವನ್ನೂ ನೋಡುತ್ತ ಬಹಳ ಹೊತ್ತು ನಿಂತಿದ್ದರು.

ಕ್ರಿಸ್ಮಸ್ ದಿನ ಪ್ರತಿ ವರ್ಷದಂತೆ ಪ್ರಭುಲಿಂಗಪ್ಪ ನಮ್ಮ ಜೊತೆ ಆರಾಧನೆಗೆ ಬಂದ. ಬರಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆವು. ಭೋಜನದ ಹೊತ್ತಿಗೆ ಎಲ್ಲರೂ ಎದ್ದು ಮುಂದೆ ಹೋದರು, ನನ್ನ ಹೆಂಡತಿಯೂ ಹೋದಳು. ನಾನು ಕೂತೇ ಇದ್ದೆ. ಕಣ್ಣೀರು ಬಂತು, ಸುಳ್ಳು ಹೇಳುವುದಿಲ್ಲ. ಪುಣ್ಯಕ್ಕೆ ಅವನು ಕಿಟಕಿಯಾಚೆ ನೋಡುತ್ತಿದ್ದ, ಏನೂ ಕೇಳಲಿಲ್ಲ. ಅವನಿಗೆ ನಮ್ಮ ಪದ್ಧತಿ ಅಷ್ಟಾಗಿ ತಿಳಿಯದು.

ಕೂಸಿಗೆ ನನ್ನ ಮುತ್ತು.

ಇಸಾಕಪ್ಪ


ಹುಬ್ಬಳ್ಳಿ
19 ಜನವರಿ 2026

ಇಸಾಕಪ್ಪ,

ಈ ಕಾಗದ ಕೂತು ಓದು. ನಾನು ನಿನಗೆ ಕೊಟ್ಟ ಮಾತು ಮುರಿದಿಲ್ಲ, ಆದರೆ ಆ ಮಾತಿಗೆ ಈಗ ಕೆಲಸವಿಲ್ಲ.

ಹೋದ ವಾರ ಪ್ರಭುಲಿಂಗಪ್ಪ, ಶೇಖವ್ವ ಇಬ್ಬರೂ ಇಲ್ಲಿಗೆ ಬಂದಿದ್ದರು. ನಿನಗೆ ಮೆಣಸಿನಕಾಯಿ ಪೇಟೆಗೆ ಹೋಗುತ್ತೇವೆ ಎಂದು ಹೇಳಿದ್ದರಂತೆ. ಬಾಣಂತಿಗೆ ಡಬ್ಬಿ ತುಂಬ ಅಂಟಿನುಂಡಿ ತಂದಿದ್ದರು. ಶೇಖವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಇವನು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

'ಅಕ್ಕೋರ, ನಿಮ್ಮ ಕಮಿಟಿ ಮತ್ತ ಯಾವಾಗ ಕೂಡ್ತೈತ್ರಿ?'

ನಾನು ಏನೂ ತಿಳಿಯದವಳಂತೆ, 'ಯಾಕಪಾ, ನಿನಗ ಅಲ್ಲೇನ ಕೆಲಸ?' ಎಂದೆ.

'ನೀವೂ ಅವನಂಗ ಮಾಡಬ್ಯಾಡ್ರಿ. ಕೂರಿಗಿ ಹೊಡಿಯೂ ಮುಂದ ಬಸ್ಸಿನ್ಯಾಗ ಹಾದು ಹೋದವರ ಮಾರಿ ನೋಡಿದೆ ನಾ. ಆವತ್ತ ಗೊತ್ತಾತು, ಇದು ಇಲ್ಲಿಗೆ ಮುಗಿಯೂದಲ್ಲ ಅಂತ. ಆಮ್ಯಾಲಿಂದು ಊರಾಗ ಕೇಳಿದೆ.'

'ಮತ್ತ ಅವಂಗ ಯಾಕ ಕೇಳಲಿಲ್ಲ?'

'ಕೇಳಿದ್ರ ಅವ ಹೇಳಬೇಕಾಗತೈತಿ. ಹೇಳಿದ್ರ ನಾ ಅವನ ಜೋಡಿ ಬಿಡಬೇಕಾಗತೈತಿ, ಇನ್ನೊಮ್ಮೆ ನನ್ನ ಸಲುವಾಗಿ ಹಿಂಗ ಆಗಬಾರದಲ್ರಿ. ಬಿಡಾಕ ನನಗ ಮನಸಿಲ್ಲ. ಅದಕ್ಕ ಕೇಳಲಿಲ್ಲ. ಆದ್ರ ಕ್ರಿಸ್ಮಸ್ ದಿನ ಎಲ್ಲಾರೂ ಎದ್ದು ಹ್ವಾದ್ರು, ಅವ ಒಬ್ಬನ ಕುಂತ ಅಳಾಕ್ಹತ್ತಿದ. ನಾ ಕಿಟಕಿ ನೋಡ್ಕೊಂತ ಕುಂತೆ. ಇನ್ನ ನನ್ನ ಕೈಲೆ ಆಗೂದಿಲ್ರಿ ಅಕ್ಕೋರ. ನನ್ನ ಕರಕೊಂಡು ಹೋಗ್ರಿ.'

ನಿನ್ನೆ ಕರೆದುಕೊಂಡು ಹೋದೆ. ಕೂಸನ್ನು ಬೀಗರ ಕೈಗೆ ಕೊಟ್ಟು, ಮುಂಜಾನೆಯ ಬಸ್ಸು ಹಿಡಿದೆ. ಆರಾಧನೆ ಮುಗಿದು ನೀನು ಊರಿಗೆ ಹೊರಟ ಮೇಲೆಯೇ ಕಮಿಟಿ ಕೂಡುವಂತೆ ನೋಡಿಕೊಂಡೆ. ಪ್ರಭುಲಿಂಗಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಎಲ್ಲರಿಗೂ ಶರಣು ಎಂದ. ಕುರ್ಚಿ ಕೊಟ್ಟರೆ ಕೂಡಲಿಲ್ಲ. ನಿಂತೇ ಮಾತಾಡಿದ.

'ನಾ ಅವನ ಕರದಿಲ್ರಿ. ಕರದಿದ್ರ ಬರ್ತಿದ್ನೋ ಇಲ್ಲೋ, ಆ ಶಿವನ ಬಲ್ಲ. ಕರೀಲಾರದಕ್ಕ ಬಂದ. ಮರುದಿನ ನನ್ನ ಸೋಮವಾರ ಕೊಡ್ತೀನಂದೆ, ಒಲ್ಲೆ ಅಂದ. ಅವನ ಕಡ್ಲಿ ಹೊಲ ಇವತ್ತಿಗೂ ಬೀಳು ಬಿದ್ದೈತಿ, ಹೋಗಿ ನೋಡ್ರಿ. ನೀವು ಅವ ನಿಮ್ಮ ದೇವರ ದಿನ ಮುರದ ಅಂತೀರಿ. ನಮ್ಮ ದೇವರ ದಿನ ಕಾದವ ಅವನ. ತನ್ನ ದಿನ ಸಸ್ತಾ ಇದ್ದವ ಬ್ಯಾರೆಯವರ ದಿನ ಹಿಂಗ ಕಾಯಾಂಗಿಲ್ರಿ. ನನಗ ಓದು ಬರಾಂಗಿಲ್ಲ, ತಪ್ಪಿದ್ರ ಹೊಟ್ಟಿಯಾಗ ಹಾಕ್ಕೊಳ್ರಿ.'

ಯಾರೋ ಒಬ್ಬರು, ಮುಂದಿನ ವರ್ಷ ಮತ್ತೆ ಹೀಗೇ ಆದರೆ ಎಂದು ಕೇಳಿದರು. 'ಆದ್ರ ಮತ್ತ ಜಗಳ ಆಡ್ತೀವ್ರಿ,' ಎಂದ. ನಕ್ಕರು, ತಮ್ಮ. ಆ ಕೋಣೆಯಲ್ಲಿ ನಾನು ನಗು ಕೇಳಿ ಎಷ್ಟು ವರ್ಷವಾಗಿತ್ತೋ.

ಆಗ ಸಭಾಪಾಲಕರು ಎದ್ದರು. ಆ ಕಡಲೆಯ ಹೊಲವನ್ನೂ ಈ ಜೋಳದ ಹೊಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಇಸಾಕಪ್ಪನವರಿಂದ ಯಾವ ಮಾತನ್ನೂ ತೆಗೆದುಕೊಳ್ಳದೆ ಠರಾವು ರದ್ದಾಗಬೇಕು ಎಂದರು. ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಈ ಸಲ ಕೈ ಎತ್ತದವನು ಅನಿಲಕುಮಾರ ಒಬ್ಬನೇ. ಆದರೆ ಅವನು ಬೇಡ ಎಂದೂ ಅನ್ನಲಿಲ್ಲ.

ಫೆಬ್ರುವರಿ ಒಂದಕ್ಕೆ ಭೋಜನವಿದೆ. ನಾನು ಇಲ್ಲೇ ಇರುತ್ತೇನೆ, ಬರಲಾಗುವುದಿಲ್ಲ. ಹೇಗಾಯಿತು ಎಂದು ಬರೆ. ಹೂಂ ಎಂದು ಬರೆಯಬೇಡ.

ನಿನ್ನ ಅಕ್ಕ,
ಜೀವರತ್ನಾ


ಹೊಳೆಮಣ್ಣೂರ
2 ಫೆಬ್ರುವರಿ 2026

ಅಕ್ಕ,

ಕಾಗದ ಬಂದ ಮೇಲೆ ನಾನು ಪ್ರಭುಲಿಂಗಪ್ಪನಿಗೆ ಏನೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ. ಹೊಲದಲ್ಲಿ ತೆನೆ ಕಟ್ಟಿದೆ, ಇಬ್ಬರೂ ಹಕ್ಕಿ ಹೊಡೆಯುವುದರಲ್ಲಿ ಇದ್ದೆವು. ಅವನು ಕಮಿಟಿಗೆ ಹೋದದ್ದು ನನಗೆ ತಿಳಿದಿದೆ ಎಂದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ. ಎರಡು ದಿನ ನನ್ನ ಮುಖ ನೋಡದೆ ಮಾತಾಡಿದ.

ನಿನ್ನೆ ರವಿವಾರ ಹೋದೆ. ಮುಂದೆ ಹೋಗಿ ಮೊಣಕಾಲೂರಿದೆ. ಸಭಾಪಾಲಕರು ರೊಟ್ಟಿ ಕೊಟ್ಟರು. ಹಿಂದಿನಿಂದ ಬಟ್ಟಲು ಹಿಡಿದು ಬಂದವರು ಅನಿಲಕುಮಾರರು. ನನ್ನ ಮುಂದೆ ಬಂದು ನಿಂತರು. ಬಟ್ಟಲು ಕೆಳಗೆ ತಂದು ಬಾಗಿಸಿದರು. ನಾನು ಕೆಳಗಿನಿಂದ ಅದರ ತಳಕ್ಕೆ ಕೈ ಕೊಟ್ಟೆ. ಇಬ್ಬರೂ ಹಿಡಿದಿದ್ದಾಗಲೇ ಕುಡಿದೆ. ಅವರು ಮೆಲ್ಲಗೆ ಆಮೆನ್ ಅಂದರು, ನಾನೂ ಅಂದೆ. ಅವರ ಮೇಲೆ ನನಗೆ ಏನೂ ಉಳಿದಿಲ್ಲ. ನೀನೂ ಬಿಟ್ಟುಬಿಡು. ಅಂಗಡಿಯ ಮಾತು ಮಾತ್ರ ಬಿಡಬೇಡ. ರಿಯಾಜನ ಸಲುವಾಗಿ ಅದನ್ನು ಆಡಲೇಬೇಕು, ಆದರೆ ಮನೆಗೆ ಕರೆದು, ಊಟಕ್ಕೆ ಹಾಕಿ ಆಡು.

ಊರಿಗೆ ಬಂದು ಬಸ್ಸಿನಿಂದ ಇಳಿದರೆ ಪ್ರಭುಲಿಂಗಪ್ಪ ಬೇವಿನ ಗಿಡದ ಕೆಳಗೆ ಕೂತಿದ್ದ. ಯಾವಾಗ ಬಂದು ಕೂತಿದ್ದನೋ. ಎದ್ದು ನನ್ನ ಹತ್ತಿರ ಬಂದ. ಆ ಬಿತ್ತಿಗೆಯ ದಿನದಿಂದ ಒಮ್ಮೆಯೂ ಕೇಳದವನು ನಿನ್ನೆ ಕೇಳಿದ.

'ಕೊಟ್ರೇನು?'

'ಕೊಟ್ರು,' ಅಂದೆ.

'ನಡಿ ಮತ್ತ,' ಅಂದು ನನ್ನ ಕೈಯಿಂದ ಚೀಲ ಇಸಿದುಕೊಂಡು ಮುಂದೆ ನಡೆದ.

ನಿನ್ನ ತಮ್ಮ,
ಇಸಾಕಪ್ಪ